ಮಗಳು ಇಂಜಿನಿಯರ್ ಆಗ್ತೇನೆ ಅಂತಾಳೆ: ಕರಾವಳಿಯ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಬಿಡುವು ಸಿಕ್ಕಿದಾಗಲೆಲ್ಲ ಹೈಸ್ಕೂಲುಗಳಿಗೆ ಹೋಗಿ ಹುಡುಗಿಯರ ಜೊತೆ, ಅವರ ಅಪ್ಪ ಅಮ್ಮನ ಜೊತೆ ಮಾತಾಡಿ ಬರುತ್ತೇನೆ. ಅಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ.

## ಮನೆ ಮತ್ತು ಶಾಲೆ

ನಮ್ಮ ಊರಿನ ಹುಡುಗಿಯರು ಹೇಗೂ ಒಳ್ಳೆ ಮಾರ್ಕ್ ತೆಗೀತಾರೆ. ಮತ್ತೆ ಈ ಪ್ರೋತ್ಸಾಹ ಎಲ್ಲ ಎಂತಕ್ಕೆ?

ಮಾರ್ಕಿನ ವಿಷಯದಲ್ಲಿ ನಿಮ್ಮ ಮಾತು ಸರಿ. ದ್ವಿತೀಯ ಪಿಯುಸಿಯಲ್ಲಿ 2024ರಲ್ಲಿ ದಕ್ಷಿಣ ಕನ್ನಡ ಶೇ. 97.37 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು ಬಂತು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಶೇ. 93.90 ಪಡೆದು ಮೊದಲು, ದಕ್ಷಿಣ ಕನ್ನಡ ಎರಡನೆಯದು. ಪಾಸಾಗುವುದರಲ್ಲಿ ಹುಡುಗಿಯರೇ ಮುಂದೆ. ದೇಶದ ಲೆಕ್ಕದಲ್ಲೂ, 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ವಿಜ್ಞಾನ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹುಡುಗಿಯರು.

ಆದರೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲಿಗೆ ಬಂದಾಗ ಅವರ ಪಾಲು ಮೂರರಲ್ಲಿ ಒಂದಕ್ಕೂ ಕಡಿಮೆ. ಮೆಕ್ಯಾನಿಕಲ್ ಕ್ಲಾಸಿಗೆ ಹೋಗಿ ನೋಡಿ, ಇರುವ ಹುಡುಗಿಯರೆಲ್ಲ ಒಂದೆರಡು ಬೆಂಚಿನಲ್ಲಿ ಹಿಡಿಯುತ್ತಾರೆ. ಹಾಗಾದರೆ ಮಾರ್ಕ್ ತೆಗೆದವರೆಲ್ಲ ಎಲ್ಲಿ ಹೋದರು? ಫಲಿತಾಂಶ ಬಂದ ಮೇಲೆ ಮನೆಯ ಜಗಲಿಯಲ್ಲಿ ಕೂತು ಮಾತಾಡುತ್ತಾರಲ್ಲ, ಯಾವ ಬ್ರಾಂಚು, ಎಷ್ಟು ದೂರ, ಎಷ್ಟು ವರ್ಷ ಅಂತ, ಅಲ್ಲಿ ಕಳೆದುಹೋಗುತ್ತಾರೆ. ಇಲ್ಲಿನ ಹೆಚ್ಚಿನ ಉತ್ತರಗಳನ್ನು ಆ ಜಗಲಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಗಣಿತಕ್ಕೆ ಗಂಡುಮಕ್ಕಳ ತಲೆಯೇ ಜಾಸ್ತಿ ಓಡುವುದು ಅಂತಾರಲ್ಲ, ನಿಜವಾ?

ನಿಜವಲ್ಲ. ಗಣಿತದ ಅತಿ ದೊಡ್ಡ ಗೌರವವಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಇರಾನಿನ ಮರಿಯಮ್ ಮಿರ್ಜಾಖಾನಿ, 2022ರಲ್ಲಿ ಉಕ್ರೇನಿನ ಮರೀನಾ ವಿಯಾಜೊವ್‌ಸ್ಕಾ ಪಡೆದರು. ಅಷ್ಟು ದೂರ ಯಾಕೆ, ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ತಡ್ಪೆ (ಬೀಡಿ ಕಟ್ಟುವ ಮೊರ) ಮಡಿಲಲ್ಲಿ ಇಟ್ಟುಕೊಂಡೇ, ಇಷ್ಟು ಎಲೆಗೆ ಇಷ್ಟು ಬೀಡಿ ಬರಬೇಕು, ಸಾವಿರಕ್ಕೆ ಇಷ್ಟು ಮಜೂರಿ, ಬೀಡಿ ಕೊಳ್ಳುವ ಬ್ರಾಂಚಿನವರು ಇಷ್ಟು ರಿಜೆಕ್ಟ್ ಮಾಡಿದರೆ ವಾರಕ್ಕೆ ಕೈಗೆ ಎಷ್ಟು ಅಂತ ಬಾಯಿಲೆಕ್ಕದಲ್ಲೇ ಹೇಳುತ್ತಿದ್ದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

ಮಗಳಿಗೆ ಎಂಟು ವರ್ಷ. ಈಗಲೇ ಯಾವುದಾದರೂ ಕ್ಲಾಸಿಗೆ ಸೇರಿಸಬೇಕಾ?

ಬೇಡ. ಮನೆಯಲ್ಲಿ ಅವಳ ಕೈಗೆ ಏನು ಕೊಡುತ್ತೀರಿ ಅನ್ನುವುದನ್ನು ಗಮನಿಸಿ, ಸಾಕು. ಟಾರ್ಚ್ ಹಾಳಾದರೆ ನಾವು ಮಗನನ್ನು ಕರೆಯುತ್ತೇವೆ, ಪಾತ್ರೆ ಬಿದ್ದರೆ ಮಗಳನ್ನು. ಹತ್ತು ವರ್ಷ ಹೀಗೇ ನಡೆದರೆ, ಸ್ಕ್ರೂಡ್ರೈವರ್ ಹಿಡಿಯುವುದು ತನ್ನ ಕೆಲಸವಲ್ಲ ಅಂತ ಅವಳು ತಾನಾಗಿಯೇ ತಿಳಿದುಕೊಳ್ಳುತ್ತಾಳೆ. ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಬ್ಯಾಟರಿ ಸೆಲ್, ಸಣ್ಣ ಬಲ್ಬ್, ಎರಡು ತುಂಡು ವಯರ್ ಕೊಡಿ. ಹಳೆ ಗೋಡೆ ಗಡಿಯಾರ ಬಿಚ್ಚಲು ಬಿಡಿ. ಮನೆಯ ಕರೆಂಟಿನ ಪ್ಲಗ್ಗಿನಿಂದ ಮಾತ್ರ ದೂರ ಇಡಿ. ಬಾವಿಯ ಪಂಪು ರಿಪೇರಿಗೆ ಮೆಕ್ಯಾನಿಕ್ ಬಂದರೆ ಅವಳನ್ನು ಒಳಗೆ ಕಳಿಸಬೇಡಿ, ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಮೆಕ್ಯಾನಿಕ್ ಕೆಪಾಸಿಟರ್ ಬದಲಿಸುತ್ತಾನೆ, ನೀರು ಬರುತ್ತದೆ. ಆ ಡಬ್ಬಿಯೊಳಗೆ ಏನಿತ್ತು ಅಂತ ಅವಳು ಕೇಳಿದರೆ ಅದಕ್ಕಿಂತ ಒಳ್ಳೆ ವಿಜ್ಞಾನ ತರಗತಿ ಇಲ್ಲ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರವೇ ಕೇಳಿಸಿ.

ಮಳೆಗಾಲ ನಮಗೆ ಪುಕ್ಕಟೆ ಸಿಗುವ ಪ್ರಯೋಗಶಾಲೆ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಗಾಜಿನ ಲೋಟವನ್ನು ಅಂಗಳದ ಮಧ್ಯೆ, ಮರ, ಮನೆಯ ಮಾಡು ಅಡ್ಡ ಬಾರದ ಕಡೆ ಇಟ್ಟು, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಸ್ಕೇಲಿನಲ್ಲಿ ಅಳೆಯಲಿ. ಹತ್ತು ಸೆಂಟಿಮೀಟರ್ ನೀರು ನಿಂತರೆ ನೂರು ಮಿಲಿಮೀಟರ್ ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ರಜೆಯಲ್ಲಿ ಒಮ್ಮೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ವಿಜ್ಞಾನ ಕೇಂದ್ರ ಉಂಟು, 2018ರಲ್ಲಿ ಸುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಉಂಟು. ಪ್ರಾಣಿ ನೋಡಿ ವಾಪಸು ಬರುವವರೇ ಜಾಸ್ತಿ. ವಿಜ್ಞಾನ ಕೇಂದ್ರಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಕನ್ನಡ ಮೀಡಿಯಂ ಸರಕಾರಿ ಶಾಲೆ. ನಮ್ಮ ಮಕ್ಕಳು ಹಿಂದೆ ಬೀಳುವುದಿಲ್ವಾ?

ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಘರ್ಷಣೆ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿರುವ ಹುಡುಗಿ, ಲೆಕ್ಚರರ್ ಫ್ರಿಕ್ಷನ್ ಅಂದಾಗ ಸುಮ್ನೆ ಕೂತುಬಿಡುತ್ತಾಳೆ. ಹತ್ತನೇ ಕ್ಲಾಸಿನ ರಜೆಯಲ್ಲೇ ಒಂದು ನೋಟ್‌ಬುಕ್ ಮಾಡಿಸಿ. ಎಡಗಡೆ ವೇಗೋತ್ಕರ್ಷ, ಬಲಗಡೆ ಆಕ್ಸಲರೇಷನ್. ದಿನಕ್ಕೆ ಹತ್ತು ಪದ ಸಾಕು. ವಿಷಯ ಗೊತ್ತಿದ್ದವರಿಗೆ ಹೆಸರು ಕಲಿಯುವುದು ದೊಡ್ಡ ಕೆಲಸವಲ್ಲ.

ಇನ್ನು ಅನುಕೂಲಗಳೂ ಉಂಟು. ಇಂಜಿನಿಯರಿಂಗಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆಯಾದ ಸಿಇಟಿಯ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲು. ಇದಕ್ಕೆ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಬೇಕು. ಕೌನ್ಸೆಲಿಂಗ್ ಹತ್ತಿರ ಬಂದಾಗ ಹೆಡ್‌ಮಾಸ್ಟರ್ ಮನೆಗೆ ಓಡುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ಹತ್ತನೇ ಕ್ಲಾಸು ಮುಗಿದ ತಕ್ಷಣ ತೆಗೆದಿಡಿ. ಐಐಟಿ, ಎನ್‌ಐಟಿಗಳಿಗೆ ಸೇರಲು ಬರೆಯುವ ಜೆಇಇ ಮೇನ್ ಪರೀಕ್ಷೆಯನ್ನೂ ಈಗ ಕನ್ನಡದಲ್ಲಿ ಬರೆಯಬಹುದು.

## ಪಿಯುಸಿ, ಡಿಪ್ಲೊಮಾ, ಸೀಟು

ಪಿಸಿಎಂಬಿ ತಗೊಳ್ಳುವುದಾ, ಪಿಸಿಎಂಸಿ ತಗೊಳ್ಳುವುದಾ?

ಪಿಸಿಎಂಬಿ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ; ಪಿಸಿಎಂಸಿಯಲ್ಲಿ ಜೀವಶಾಸ್ತ್ರದ ಬದಲು ಕಂಪ್ಯೂಟರ್. ಇನ್ನೂ ತೀರ್ಮಾನ ಆಗಿಲ್ಲ ಅಂತಾದರೆ ಪಿಸಿಎಂಬಿ. ಇಂಜಿನಿಯರಿಂಗ್, ಮೆಡಿಕಲ್, ಕೃಷಿ, ಮೀನುಗಾರಿಕೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಜೀವಶಾಸ್ತ್ರ ಬೇಡವೇ ಬೇಡ ಅನ್ನುವವಳು ಕಂಪ್ಯೂಟರ್ ಅಥವಾ ಎಲೆಕ್ಟ್ರಾನಿಕ್ಸ್ ತಗೊಳ್ಳಲಿ. ಗಣಿತ ಮಾತ್ರ ಬಿಡಿಸಬೇಡಿ. ಸಿಇಟಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಹಾಗಾಗಿ ಪಿಯುಸಿ ಪರೀಕ್ಷೆಯನ್ನು ಹಗುರ ಮಾಡಿ ಕೋಚಿಂಗಿನ ಹಿಂದೆ ಮಾತ್ರ ಓಡುವುದರಲ್ಲಿ ಅರ್ಥವಿಲ್ಲ.

ಸೈನ್ಸ್ ಅಂದ್ರೆ ಒಂದಾ ಡಾಕ್ಟರ್, ಇಲ್ಲಾ ಕಂಪ್ಯೂಟರ್ ಇಂಜಿನಿಯರ್. ಬೇರೆ ಎಂತ ಉಂಟು?

ನಿಮ್ಮ ಮನೆಯಿಂದ ಒಂದೆರಡು ಗಂಟೆ ದಾರಿಯಲ್ಲೇ ಎಷ್ಟು ಉಂಟು ನೋಡಿ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಉಂಟು. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಎನ್‌ಐಟಿಕೆಯಲ್ಲಿ ಸಮುದ್ರಕ್ಕೆ ಮತ್ತು ನೀರಿಗೆ ಸಂಬಂಧಪಟ್ಟ ಇಂಜಿನಿಯರಿಂಗೇ ಒಂದು ವಿಭಾಗ. ಪಣಂಬೂರಿನ ಬಂದರು, ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ ಇಲ್ಲೇ ಉಂಟು. ಕೆಮಿಕಲ್, ಇನ್‌ಸ್ಟ್ರುಮೆಂಟೇಷನ್, ಎಲೆಕ್ಟ್ರಿಕಲ್ ಇಂಜಿನಿಯರುಗಳಿಲ್ಲದೆ ಅವು ಒಂದು ದಿನವೂ ನಡೆಯುವುದಿಲ್ಲ. ಕಡಲ್ಕೊರೆತಕ್ಕೆ ಪ್ರತಿ ಮಳೆಗಾಲ ಕಲ್ಲು ಹಾಕುತ್ತೇವೆ. ಆ ಅಲೆ ಯಾಕೆ ಅಲ್ಲೇ ಕೊರೆಯುತ್ತದೆ ಅಂತ ಲೆಕ್ಕ ಹಾಕುವುದೂ ಒಂದು ಉದ್ಯೋಗ. ಅದನ್ನು ಮಲ್ಪೆ, ಉಳ್ಳಾಲದ ಹುಡುಗಿಯರು ಮಾಡಿದರೆ ಎಷ್ಟು ಚೆಂದ ಅಲ್ವಾ?

ಇಸ್ರೊದಲ್ಲಿ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಎಂ. ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಳ್. 2023ರಲ್ಲಿ ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗರ್ ಶಾಜಿ. ಈ ಹೆಸರುಗಳನ್ನು ಮನೆಯಲ್ಲಿ ಆಗಾಗ ಹೇಳಿ. ಕ್ರಿಕೆಟಿಗರ ಹೆಸರು ಹೇಳುವಷ್ಟೇ ಸಲೀಸಾಗಿ.

ಡಿಪ್ಲೊಮಾ ಅಂದ್ರೆ ಮಾರ್ಕ್ ಕಮ್ಮಿ ಬಂದವರಿಗಾ?

ನಾನು ಡಿಪ್ಲೊಮಾ ಮಾಡಿಯೇ ಇಂಜಿನಿಯರ್ ಆದದ್ದು. ಮನೆಯಲ್ಲಿ ದುಡ್ಡಿರಲಿಲ್ಲ, ಮಾರ್ಕ್ ಇತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ, ಸರಕಾರಿ ಪಾಲಿಟೆಕ್ನಿಕ್‌ನಲ್ಲಿ ಶುಲ್ಕ ತುಂಬ ಕಡಿಮೆ. ಹದಿನಾರನೇ ವಯಸ್ಸಿಗೇ ಲೇತ್, ಮೀಟರ್, ಮೋಟರ್ ಮುಟ್ಟಲು ಸಿಗುತ್ತದೆ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮಂಗಳೂರಿನಲ್ಲಿ ಕದ್ರಿಯ ಕರ್ನಾಟಕ ಸರಕಾರಿ ಪಾಲಿಟೆಕ್ನಿಕ್ (ಕೆಪಿಟಿ) ಉಂಟು, ಹುಡುಗಿಯರಿಗೇ ಅಂತ ಬೊಂದೇಲಿನಲ್ಲಿ ಸರಕಾರಿ ಮಹಿಳಾ ಪಾಲಿಟೆಕ್ನಿಕ್ ಉಂಟು. ಪಿಯುಸಿ, ಕೋಚಿಂಗ್, ಅದರ ಖರ್ಚು ತಡೆಯದ ಮನೆಗಳಿಗೆ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಹುಡುಗಿಯರಿಗೆ ಸೀಟು ಜಾಸ್ತಿ ಉಂಟಂತೆ. ಹುಡುಗರ ಸೀಟು ಕಿತ್ತು ಕೊಡುವುದಾ?

ಇಲ್ಲ. ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗಾಗಿ ಹೆಚ್ಚುವರಿ ಸೀಟು ಸೇರಿಸಿದರು. ಹುಡುಗಿಯರ ಪಾಲು ಮೊದಲ ವರ್ಷ ಶೇ. 14 ಆಗಬೇಕು, 2020ಕ್ಕೆ ಶೇ. 20 ಆಗಬೇಕು ಅಂತ ಗುರಿ ಇಟ್ಟರು. ಇದ್ದ ಸೀಟಿನ ಮೇಲೆ ಸೇರಿಸಿದ್ದು, ಯಾರದ್ದನ್ನೂ ಕಿತ್ತದ್ದಲ್ಲ. ಎನ್‌ಐಟಿಗಳಲ್ಲೂ ಹುಡುಗಿಯರಿಗೆ ಬೇರೆ ಸೀಟುಪಟ್ಟಿ ಉಂಟು. ಸುರತ್ಕಲ್‌ನಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಈ ಎರಡನ್ನೂ ಸೇರಿಸಿ ನೋಡಿದರೆ ನಮ್ಮ ಹುಡುಗಿಯರಿಗೆ ಎನ್‌ಐಟಿಕೆ ನಾವು ಅಂದುಕೊಂಡಷ್ಟು ದೂರ ಇಲ್ಲ. ಎಷ್ಟೋ ಜನ ಜೆಇಇ ಅರ್ಜಿಯನ್ನೇ ಹಾಕುವುದಿಲ್ಲ, ಅದೇ ಬೇಸರ. ಹಾಕಿಸಿ.

ಫೀಸಿಗೆ ಎಂತ ಮಾಡುವುದು?

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೇ ಇರುವುದು. ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರಿದವರಿಗೆ ವರ್ಷಕ್ಕೆ 50,000 ರೂಪಾಯಿ. ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಬಾರದು. ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳವರೆಗೆ ಸಿಗುತ್ತದೆ. ಇಂಜಿನಿಯರಿಂಗ್ ಬಿಟ್ಟು ಬಿಎಸ್‌ಸಿಯಲ್ಲಿ ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ಉಂಟು, ವರ್ಷಕ್ಕೆ 80,000. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರಲ್ಲಿ ಇರುವವರಿಗೆ ಸಿಗುತ್ತದೆ. ಸಿಇಟಿಯಲ್ಲಿ ಕಡಿಮೆ ಆದಾಯದ ಮನೆಯವರಿಗೆ ಹೆಚ್ಚುವರಿಯಾಗಿ ಇರುವ ಎಸ್‌ಎನ್‌ಕ್ಯು ಸೀಟು ಸಿಕ್ಕಿದರೆ ಬೋಧನಾ ಶುಲ್ಕ ಇಲ್ಲ. ಅಮ್ಮನ ಹತ್ತಿರ ಬೀಡಿ ಕಾರ್ಡ್ ಇದ್ದರೆ ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಬೇರೆಯೇ ಉಂಟು. ಇದಕ್ಕೂ ಪ್ರಗತಿಗೂ ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ. ಆಧಾರಿನ ಹೆಸರು, ಅಂಕಪಟ್ಟಿಯ ಹೆಸರು, ಬ್ಯಾಂಕಿನ ಹೆಸರು ಮೂರೂ ಒಂದೇ ಥರ ಇರಲಿ. ನನ್ನ ವಿದ್ಯಾರ್ಥಿನಿಯರಲ್ಲಿ ದುಡ್ಡು ತಪ್ಪಿಸಿಕೊಂಡವರು ಹೆಚ್ಚಾಗಿ ತಪ್ಪಿದ್ದು ಇಲ್ಲೇ.

ಅವಳಿಗೆ ಸೈನ್ಸ್ ಇಷ್ಟವೇ ಇಲ್ಲ. ಒತ್ತಾಯ ಮಾಡುವುದಾ?

ಬೇಡ. ಕಾಮರ್ಸ್, ಕಲೆ ಓದಿ ಚೆನ್ನಾಗಿ ಬದುಕುವವರು ಎಷ್ಟೋ ಮಂದಿ. ಒಂದು ಮಾತ್ರ ಕೇಳಿ ನೋಡಿ: ಸೈನ್ಸ್ ಇಷ್ಟ ಇಲ್ವಾ, ಇಲ್ಲಾ ಒಬ್ಬ ಟೀಚರ್ ಕ್ಲಾಸಿನಲ್ಲಿ ಬೈದದ್ದು ಮನಸ್ಸಿನಲ್ಲಿ ಕೂತಿದೆಯಾ? ಎರಡನೆಯದಾದರೆ ಅದು ಸರಿಯಾಗುತ್ತದೆ.

## ಲ್ಯಾಬು, ದೂರ, ಹೆದರಿಕೆ

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಎಲ್ಲ ಹುಡುಗಿಯರಿಗೆ ಆಗುತ್ತದಾ? ಭಾರ ಎತ್ತಬೇಕಲ್ವಾ?

ಭಾರವನ್ನು ಕ್ರೇನ್ ಎತ್ತುತ್ತದೆ, ಜ್ಯಾಕ್ ಎತ್ತುತ್ತದೆ. ಇಂಜಿನಿಯರ್ ಎತ್ತಬೇಕಾದದ್ದು ಲೆಕ್ಕ. ಮದರಾಸಿನ ಗಿಂಡಿ ಕಾಲೇಜಿನಿಂದ 1943ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಹೊರಬಂದ ಎ. ಲಲಿತಾ ಹದಿನೆಂಟಕ್ಕೇ ವಿಧವೆಯಾದವರು, ಕೈಯಲ್ಲಿ ಪುಟ್ಟ ಮಗಳು. ಭಾಕ್ರಾ ನಂಗಲ್‌ನ ವಿದ್ಯುತ್ ಮಾರ್ಗಗಳ ಕೆಲಸದಲ್ಲಿ ಅವರ ಪಾಲು ಉಂಟು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯ ಕಲಿಸಿದರು. ಆ ಕಾಲದಲ್ಲಿ ಆದದ್ದು ಈಗ ಯಾಕೆ ಆಗುವುದಿಲ್ಲ?

ಲ್ಯಾಬಿನಲ್ಲಿ ಹುಡುಗರೇ ಎಲ್ಲ ಮಾಡ್ತಾರೆ, ನಮ್ಮ ಹುಡುಗಿಯರು ರೀಡಿಂಗ್ ಬರೀತಾ ನಿಲ್ತಾರೆ. ಟೀಚರ್ ಆಗಿ ನಾನು ಎಂತ ಮಾಡಲಿ?

ನಾನು ಕಲಿಯುವಾಗಲೂ ಹೀಗೇ ಇತ್ತು. ನಿಮ್ಮ ಅಕ್ಷರ ಚೆಂದ, ನೀವು ಬರೀರಿ ಅಂತ ನಮ್ಮ ಒಬ್ಬ ಲೆಕ್ಚರರ್ ಹೇಳುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಮೂರು ವರ್ಷ ಬರೆದೆ. ಮೊದಲ ಕೆಲಸದಲ್ಲಿ ಪ್ಯಾನೆಲ್ ತೆರೆದು ನಿಂತಾಗ ಕೈ ನಡುಗಿತು.

ಈಗ ನನ್ನ ಲ್ಯಾಬಿನಲ್ಲಿ ನಿಯಮ ಒಂದೇ. ಈ ವಾರ ವಯರ್ ಹಿಡಿದವರು ಮುಂದಿನ ವಾರ ರೆಕಾರ್ಡ್ ಬರೆಯಬೇಕು. ಸುರುವಿಗೆ ಹುಡುಗಿಯರ ಒಂದೆರಡು ಬ್ಯಾಚನ್ನು ಬೇರೆಯೇ ಮಾಡುತ್ತೇನೆ. ಕಳೆದ ವರ್ಷ ಕಾಪು ಕಡೆಯ ಒಬ್ಬಳು ಡಿಸಿ ಸರ್ಕ್ಯೂಟಿನಲ್ಲಿ ಅಮ್ಮೀಟರನ್ನು ಉಲ್ಟಾ ಜೋಡಿಸಿದಳು. ಸ್ವಿಚ್ ಹಾಕಿದ ಕೂಡಲೇ ಮುಳ್ಳು ಎಡಕ್ಕೆ ಟಕ್ ಅಂತ ಬಡಿಯಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಪಕ್ಕದ ಬ್ಯಾಚಿನ ಹುಡುಗ ಸರಿ ಮಾಡಲು ಬಂದ. ನಾನು ಅವನನ್ನು ತಡೆದೆ. ಸ್ವಿಚ್ ತೆಗಿ, ಎರಡು ವಯರ್ ಅದಲುಬದಲು ಮಾಡು ಅಂತ ಅವಳಿಗೇ ಹೇಳಿದೆ. ಟರ್ಮಿನಲ್ ಬಿಗಿ ಮಾಡುವಾಗ ಅವಳ ಬೆರಳು ಬೆವರಿ ಜಾರುತ್ತಿತ್ತು. ದುಪ್ಪಟ್ಟಾದಲ್ಲಿ ಒರೆಸಿಕೊಂಡು ಮತ್ತೆ ತಿರುಗಿಸಿದಳು. ಈ ಸಲ ಮುಳ್ಳು ಮೆಲ್ಲಗೆ ಬಲಕ್ಕೆ ಹೋಗಿ ನಿಂತಿತು. ಆ ದಿನ ಉಳಿದ ಎಲ್ಲ ರೀಡಿಂಗೂ ಅವಳೇ ತೆಗೆದಳು, ಬೇರೆಯವರಿಗೆ ವಯರ್ ಬಿಟ್ಟುಕೊಡಲಿಲ್ಲ.

ಟೀಚರುಗಳಿಗೆ ನನ್ನದೊಂದು ಕೋರಿಕೆ ಉಂಟು. ಹುಡುಗಿ ತಪ್ಪು ಮಾಡಿದಾಗ ಅವಳ ಕೈಯಿಂದ ಉಪಕರಣ ತಗೊಳ್ಳಬೇಡಿ.

ಸುರತ್ಕಲ್, ಮಣಿಪಾಲ ಆದ್ರೆ ಅಡ್ಡಿ ಇಲ್ಲ, ಅದಕ್ಕಿಂತ ಆಚೆ ಬೇಡ ಅಂತ ಅಪ್ಪ ಹೇಳ್ತಾರೆ. ಹೇಗೆ ಒಪ್ಪಿಸುವುದು?

ಇದನ್ನು ಕೇಳುವವರು ಹುಡುಗಿಯರೇ, ಅದೂ ಸಭೆ ಮುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದು. ನೋಡಮ್ಮ, ಅಪ್ಪನ ಹತ್ತಿರ ವಾದ ಮಾಡಬೇಡ. ಅವರ ಹೆದರಿಕೆ ಯಾವುದು ಅಂತ ಒಂದೊಂದಾಗಿ ಬರೆದುಕೋ. ಹಾಸ್ಟೆಲ್ ಹೇಗಿದೆ, ರಾತ್ರಿ ಎಷ್ಟು ಗಂಟೆಗೆ ಗೇಟ್ ಹಾಕ್ತಾರೆ, ವಾರ್ಡನ್ ಯಾರು, ಮನೆಗೆ ಬರುವ ಬಸ್ಸು ರೈಲು ಯಾವುದು. ಒಂದೊಂದಕ್ಕೂ ಉತ್ತರ ಹುಡುಕಿ ಪಕ್ಕದಲ್ಲಿ ಬರಿ. ಆಮೇಲೆ ಅವರನ್ನೇ ಕರೆದುಕೊಂಡು ಹೋಗಿ ಹಾಸ್ಟೆಲ್ ತೋರಿಸು. ನಮ್ಮ ಊರಿನ ಹುಡುಗಿ ಯಾರಾದರೂ ಅಲ್ಲಿ ಓದುತ್ತಿದ್ದರೆ ಅವಳ ಅಪ್ಪನ ಜೊತೆ ಮಾತಾಡಿಸು. ಲೆಕ್ಚರರ್ ಹತ್ತು ಸಲ ಹೇಳುವುದಕ್ಕಿಂತ ಇನ್ನೊಬ್ಬ ಅಪ್ಪ ಒಂದು ಸಲ ಹೇಳಿದರೆ ಬೇಗ ನಾಟುತ್ತದೆ.

ಅಪ್ಪಂದಿರಿಗೂ ಒಂದು ಮಾತು. ನಮ್ಮ ಊರಿನವರು ಹೋಟೆಲ್ ಕೆಲಸಕ್ಕೆ ಅಂತ ಹದಿಮೂರು ಹದಿನಾಲ್ಕರ ಪ್ರಾಯದಲ್ಲೇ ಮುಂಬೈಗೆ ಹೋದವರು. ದೂರ ನಮಗೆ ಹೊಸತಲ್ಲ. ಮಗಳ ಮೇಲೂ ಅದೇ ಭರವಸೆ ಇಡಿ.

## ಕೆಲಸ, ಮದುವೆ, ಸಂಶೋಧನೆ

ಸೈಟ್, ಫ್ಯಾಕ್ಟರಿ, ನೈಟ್ ಶಿಫ್ಟ್ ಎಲ್ಲ ಸೇಫಾ?

ಎಲ್ಲ ಕಡೆಯೂ ಒಂದೇ ಥರ ಇಲ್ಲ, ಹಾಗಾಗಿ ಸೇರುವ ಮೊದಲೇ ಕೇಳಬೇಕು. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಇರುವ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ರಾತ್ರಿ ಪಾಳಿಗೆ ಮನೆ ಬಾಗಿಲಿನವರೆಗೆ ವಾಹನ ಉಂಟಾ ಅಂತ ಕೇಳಿ. ಸೈಟಿನಲ್ಲಿ ಹೆಂಗಸರಿಗೆ ಬೇರೆ ಶೌಚಾಲಯ ಉಂಟಾ ಅಂತ ನಾಚಿಕೆ ಇಲ್ಲದೆ ಕೇಳಿ. ಇಂಟರ್‌ವ್ಯೂನಲ್ಲಿ ಇದನ್ನು ಕೇಳಿದ್ದಕ್ಕೆ ಮುಖ ಸಣ್ಣ ಮಾಡುವ ಕಂಪನಿ ಬೇಡ.

ಇಷ್ಟು ಓದಿಸಿ ಮದುವೆ ಆಗಿ ಮನೆಯಲ್ಲಿ ಕೂತ್ರೆ ದಂಡ ಅಲ್ವಾ?

ನನಗೆ ಅತಿ ಹೆಚ್ಚು ನೋವು ಕೊಡುವ ಪ್ರಶ್ನೆ ಇದು. ಅವಳಾಗಿ ಕೂರುವುದಿಲ್ಲ, ಹೆಚ್ಚಿನ ಸಲ ಕೂರಿಸುತ್ತಾರೆ. ಮಾತುಕತೆಗೆ ಬಂದ ಗಂಡಿನ ಕಡೆಯವರ ಹತ್ತಿರ ನಾವು ಚಿನ್ನದ ಮಾತಾಡುತ್ತೇವೆ, ಹಾಲ್ ಯಾವುದು ಅಂತ ಮಾತಾಡುತ್ತೇವೆ. ಅವಳ ಕೆಲಸದ ಮಾತು ಬಂದರೆ, ಅದೆಲ್ಲ ಆಮೇಲೆ ನೋಡುವ ಅಂತ ಬಿಡುತ್ತೇವೆ. ಅದನ್ನು ಅಲ್ಲೇ, ಎಲ್ಲರ ಎದುರು, ಅವಳ ಬಾಯಿಂದಲೇ ಹೇಳಿಸಿ. ಅವಳು ಯಾವ ಊರಲ್ಲಿ ಕೆಲಸ ಮಾಡುತ್ತಾಳೆ, ಮಗು ಆದರೆ ಯಾರು ನೋಡಿಕೊಳ್ಳುತ್ತಾರೆ, ಎಲ್ಲ.

ಕಾನೂನು ಕೂಡ ಸ್ವಲ್ಪ ಬೆನ್ನಿಗಿದೆ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ. ಐವತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಮಕ್ಕಳ ಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು.

ಬಿಎಸ್‌ಸಿ, ಎಂಎಸ್‌ಸಿ ಆಯ್ತು. ಈಗ ಪಿಎಚ್‌ಡಿ ಅಂತಾಳೆ. ಎಷ್ಟು ವರ್ಷ ಅಂತ ಓದುವುದು?

ಪಿಎಚ್‌ಡಿಯನ್ನು ಓದು ಅಂತ ನೋಡಬೇಡಿ, ಅದು ಕೆಲಸ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆ ಪಾಸಾದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಮನೆ ಬಾಡಿಗೆ ಭತ್ಯೆ ಬೇರೆ.

1933ರಲ್ಲಿ ಕಮಲಾ ಸೊಹೊನಿ ಐಐಎಸ್‌ಸಿಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದರು. ಆಕೆ ಬಿಡಲಿಲ್ಲ. ಒಂದು ವರ್ಷ ಪ್ರೊಬೇಷನ್ ಅನ್ನುವ ಷರತ್ತಿನ ಮೇಲೆ ಒಳಗೆ ಬಂದು, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು. 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು ಅವರು. ಇವತ್ತು ನಿಮ್ಮ ಮಗಳಿಗೆ ಯಾವ ಸಂಸ್ಥೆಯೂ ಅಂಥ ಷರತ್ತು ಹಾಕುವುದಿಲ್ಲ. ಮನೆಯಲ್ಲಿ ನಾವು ಹಾಕದಿದ್ದರೆ ಆಯಿತು.

ಮಕ್ಕಳಾಗಿ ಕೆಲಸ ಬಿಟ್ಟು ಆರು ವರ್ಷ ಆಯ್ತು. ಇನ್ನು ವಾಪಸು ಹೋಗ್ಲಿಕ್ಕೆ ಆಗ್ತದಾ?

ಆಗುತ್ತದೆ. ಸಂಶೋಧನೆಯ ಕಡೆ ಹೋಗುವವರಿಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಯಲ್ಲಿ ಮಹಿಳೆಯರಿಗೇ ಫೆಲೋಶಿಪ್ ಉಂಟು. ಕಂಪನಿಗೆ ಹೋಗುವವರು ಅರ್ಜಿ ಹಾಕುವ ಮೊದಲು ಮೂರು ತಿಂಗಳು ತಯಾರಿಗೆ ಇಟ್ಟುಕೊಳ್ಳಿ. ಸಾಫ್ಟ್‌ವೇರ್ ಬದಲಾಗಿರುತ್ತದೆ, ಅದನ್ನು ಕಲಿಯಿರಿ. ಓಮ್ ನಿಯಮ ಹಾಗೇ ಉಂಟು.

ಈ ಪ್ರಶ್ನೆ ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಮಗಳನ್ನು ಕರೆದುಕೊಂಡು ಶನಿವಾರ ಮಧ್ಯಾಹ್ನ ನನ್ನ ಲ್ಯಾಬಿಗೆ ಬರುತ್ತಾಳೆ. ಮೊದಲ ದಿನ ಮಲ್ಟಿಮೀಟರ್ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಈಗ ಯಂತ್ರಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್ ಪಿಎಲ್‌ಸಿಗೆ ಪ್ರೋಗ್ರಾಂ ಬರೆದು ಕನ್ವೇಯರ್ ಓಡಿಸುತ್ತಾಳೆ. ಮಗಳು ಪಕ್ಕದ ಸ್ಟೂಲಿನಲ್ಲಿ ಕೂತು, ದೀಪ ಹತ್ತಿದಾಗಲೆಲ್ಲ ಎಣಿಸುತ್ತಾಳೆ. ಮುಂದಿನ ತಿಂಗಳು ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಅಮ್ಮನಿಗೆ ಇಂಟರ್‌ವ್ಯೂ ಉಂಟು.